ಕರಡಿಗೆ ಹಿಡಿದ ಕೈ

ಟೌರಂಗಾ
೧೭ ಜೂನ್ ೨೦೧೮, ಭಾನುವಾರ

ಪ್ರೀತಿಯ ಅವ್ವಾ, ಶರಣು ಶರಣಾರ್ಥಿ.

ಮೊಣಕಾಲಿನ ಬಾವು ಇಳಿಯಿತೇ? ಗುಳಿಗೆ ಬಿಟ್ಟು ಮತ್ತೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೀಯಂತೆ, ನಿನ್ನ ಮುದ್ದಿನ ಮಗಳು ರುದ್ರಾಣಿ ಚಾಡಿ ಹೇಳಿದಳು. ನರ್ಸ್ ಕೆಲಸದ ಮಗನನ್ನು ಹೆತ್ತು ನಿನಗೇನು ಉಪಯೋಗವಾಯಿತೋ. ಇಲ್ಲಿ ಚಳಿ ಬಿದ್ದಿದೆ. ನಿನ್ನ ಸೊಸೆ ಸಿಂಚನಾಳಿಗೆ ಕಿವಿ ಹಣ್ಣಿನ ಪ್ಯಾಕ್‌ಹೌಸ್ ಆಫೀಸಿನಲ್ಲಿ ಉಸಿರಾಡಲು ಬಿಡುವಿಲ್ಲ. ನಿನ್ನ ಮೊಮ್ಮಗಳು ವಚನಾ "ಅಜ್ಜಿ ಕಮಿಂಗ್" ಎಂದು ಕ್ಯಾಲೆಂಡರಿನ ಮೇಲೆ ದಿನಾ ಒಂದು ಗೀಟು ಹಾಕುತ್ತಾಳೆ.

ಬರುವಾಗ ಅವಳಿಗೆ ಇಷ್ಟಲಿಂಗ ತರುತ್ತೀ, ಕೊರಳಿಗೆ ಅಪ್ಪನೇ ಕಟ್ಟಬೇಕು ಎನ್ನುತ್ತೀ. ಅದಕ್ಕೇ ಈ ಪತ್ರ. ಒಂದು ವರ್ಷದಿಂದ ನನ್ನ ಕೊರಳೇ ಬರಿದಾಗಿದೆ. ವಿಡಿಯೊದಲ್ಲಿ ನೀನು ಕೇಳಿದಾಗಲೆಲ್ಲ ಶಿವದಾರ ಹರಿದಿದೆ, ಹೊಸದು ಹಾಕಬೇಕು ಎಂದೆ. ವರ್ಷವಿಡೀ ಒಂದು ದಾರ ಸಿಗದ ದೇಶ ಯಾವುದಪ್ಪಾ ಎಂದು ನೀನೂ ಕೇಳಲಿಲ್ಲ. ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಇದನ್ನು ನೀನೇ ಓದು. ರುದ್ರಾಣಿಯ ಕೈಗೆ ಕೊಟ್ಟರೆ ಅಳುತ್ತ ಅರ್ಧ ನುಂಗಿಬಿಡುತ್ತಾಳೆ.

ಮೊಸುಲ್ ನಗರವನ್ನು ಉಗ್ರರಿಂದ ಬಿಡಿಸಿಕೊಳ್ಳಲು ಇರಾಕಿನ ಸೇನೆ ಒಂದೊಂದು ಬೀದಿಗೂ ಕಾದಾಡುತ್ತಿದ್ದಾಗ, ನಾನು ಗಾಯಾಳುಗಳ ಸೇವೆಗೆಂದು ಹತ್ತು ವಾರ ಹೋಗಿದ್ದೆನಲ್ಲ. ದೂರದ ಆಸ್ಪತ್ರೆ, ಭಯವಿಲ್ಲ ಎಂದು ನಿನಗೆ ಹೇಳಿದ್ದೆ. ಶುದ್ಧ ಸುಳ್ಳು. ನಮ್ಮ ಆಸ್ಪತ್ರೆ ಎಂದರೆ ಒಂದು ಕಾರ್ ಗ್ಯಾರೇಜು, ನಾಲ್ಕು ಮಂಚ, ಕಾದಾಟದಿಂದ ಎರಡೇ ಕಿಲೋಮೀಟರ್ ದೂರ. ಬಾಂಬು ಬಿದ್ದ ಮನೆಗಳಿಂದ ಎಳೆದು ತಂದವರ ಬಾಯಿ ತುಂಬ ಸಿಮೆಂಟ್ ಪುಡಿ ಇರುತ್ತಿತ್ತು. ಮೊದಲು ಬೆರಳು ಹಾಕಿ ಅದನ್ನು ತೆಗೆಯುವುದೇ ನನ್ನ ಕೆಲಸ. ಒಬ್ಬ ತಂದೆ ಮಗಳನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ತಂದ. ಬಿಚ್ಚಿದರೆ ಸೊಂಟದ ಕೆಳಗೆ ಏನೂ ಇರಲಿಲ್ಲ. ಅದು ಅವನಿಗೆ ಆವರೆಗೆ ಗೊತ್ತೇ ಇರಲಿಲ್ಲ, ಅವ್ವಾ. ತಪ್ಪಿಸಿಕೊಂಡು ಓಡುವವರ ಬೆನ್ನಿಗೆ ಉಗ್ರರು ಗುಂಡು ಹೊಡೆಯುತ್ತಿದ್ದರು. ಮೈಗೆ ಸ್ಫೋಟಕ ಕಟ್ಟಿಕೊಂಡು ಅದೇ ಗುಂಪಿನೊಳಗೆ ಸೇರಿ, ಸೈನಿಕರ ಹತ್ತಿರ ಬಂದು ದಾರ ಜಗ್ಗಿ ಸಿಡಿಯುತ್ತಿದ್ದರು. ಹೀಗಾಗಿ ನಗರದ ಕಡೆಯಿಂದ ಬರುವ ಪ್ರತಿ ಗಂಡಸೂ ಸೈನಿಕರ ತಪಾಸಣಾ ಠಾಣೆಗೆ ಐವತ್ತು ಹೆಜ್ಜೆ ದೂರದಲ್ಲೇ ನಿಂತು ಅಂಗಿ ಎತ್ತಿ ಎದೆ ತೋರಿಸಬೇಕಿತ್ತು. ನಾವೂ ಅಷ್ಟೇ.

ನಮ್ಮ ಆಂಬುಲೆನ್ಸ್ ಓಡಿಸುತ್ತಿದ್ದವನು ಯೂನುಸ್, ಅದೇ ಊರಿನ ಟ್ಯಾಕ್ಸಿ ಡ್ರೈವರ್. ನನ್ನದೇ ವಯಸ್ಸು, ಬಾಯಿಗೆ ಬಿಡುವಿಲ್ಲ. ನಾನು ನರ್ಸ್ ಎಂದು ಎಷ್ಟು ಸಲ ಹೇಳಿದರೂ ಡಾಕ್ಟರ್ ಎಂದೇ ಕರೆಯುತ್ತಿದ್ದ. ಠಾಣೆಯ ಹಳೆಯ ಸೈನಿಕರಿಗೆ ನನ್ನ ಲಿಂಗದ ಬೆಳ್ಳಿ ಕರಡಿಗೆಯ ಪರಿಚಯ ಮಾಡಿಸಿದವನೂ ಅವನೇ. ಅದರೊಳಗೆ ಇವನ ದೇವರಿದ್ದಾನೆ, ತಾಯಿ ಕಟ್ಟಿ ಕಳಿಸಿದ್ದಾಳೆ ಎಂದು ನಗಿಸಿದ್ದ.

ಕಳೆದ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ ನಗರದೊಳಗೆ ಗಾಡಿಯ ಟೈರ್ ಒಡೆದು ನಾವಿಬ್ಬರೂ ನಡೆದೇ ಹಿಂದಿರುಗಿದೆವು. ವೈದ್ಯ ತಂಡದ ಗುರುತಿನ ಜಾಕೆಟ್ಟನ್ನು ದಾರಿಯಲ್ಲಿ ಸತ್ತ ಒಬ್ಬ ಮುದುಕಿಗೆ ಹೊದಿಸಿ ಬಂದಿದ್ದೆ. ಠಾಣೆಯಲ್ಲಿದ್ದವರು ಹೊಸ ಸೈನಿಕರು. ನಾನು ಅಂಗಿ ಎತ್ತಿದೆ. ಬಿಸಿಲಿಗೆ ಬೆಳ್ಳಿ ಹೊಳೆಯಿತು, ದಾರ ಕಾಣಿಸಿತು, ಒಬ್ಬ ಚೀರಿ ಬಂದೂಕು ಎತ್ತಿದ. ಗುಡುಗಿದರೂ ನಾಯಿ ಬೊಗಳಿದರೂ ಲಿಂಗ ಹಿಡಿದುಕೋ ಎಂದು ಚಿಕ್ಕಂದಿನಿಂದ ಕಲಿಸಿದವಳು ನೀನು. ಮೂವತ್ತೆಂಟು ವರ್ಷದವನ ಕೈ ತಾನಾಗಿ ಹೋಗಿ ಕರಡಿಗೆಯನ್ನು ಗಟ್ಟಿಯಾಗಿ ಹಿಡಿಯಿತು. ಅವರ ಕಣ್ಣಿಗೆ ನಾನು ದಾರ ಜಗ್ಗಲು ಹೊರಟ ಉಗ್ರ.

ಯೂನುಸ್ ಕೂಗುತ್ತ ನನ್ನ ಮುಂದೆ ಹಾರಿದ. ಮೂರು ಗುಂಡು. ಒಂದು ಕುತ್ತಿಗೆಗೆ, ಎರಡು ಹೊಟ್ಟೆಗೆ. ಬೀಳುವಾಗ ನನ್ನ ಎದೆಗೆ ಕೈಹಾಕಿ ಜಗ್ಗಿದ, ಶಿವದಾರ ಹರಿಯಿತು. ಅವನ ಕುತ್ತಿಗೆಯ ತೂತಿನೊಳಗೆ ಎರಡು ಬೆರಳು ತುರುಕಿ ಒತ್ತಿ ಹಿಡಿದೆ. ರಕ್ತ ಬೆರಳ ಸಂದಿಯಿಂದ ಉಕ್ಕಿ ಮೊಣಕೈವರೆಗೆ ಇಳಿಯಿತು. ಹತ್ತು ನಿಮಿಷ ಜೀವ ಹಿಡಿದಿದ್ದ. ಗುಂಡು ಹೊಡೆದ ಸೈನಿಕ ಓಡಿಬಂದು ಪಕ್ಕದಲ್ಲೇ ಕುಸಿದು ತಲೆ ಚಚ್ಚಿಕೊಳ್ಳುತ್ತಿದ್ದ. ನಾನು ಎದ್ದು ಅವನ ಮುಖಕ್ಕೆ ಒದ್ದೆ, ಹಲ್ಲು ಮುರಿಯುವಷ್ಟು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಆಮೇಲೆ ನೋಡಿದರೆ ಯೂನುಸನ ಮುಷ್ಟಿಯಲ್ಲಿ ನನ್ನ ಕರಡಿಗೆ. ನಮ್ಮವರನ್ನು ಮಣ್ಣು ಮಾಡುವಾಗ ಅಂಗೈಯಲ್ಲಿ ಲಿಂಗ ಇಡುತ್ತೇವಲ್ಲ, ಅಪ್ಪನ ಕೈಯಲ್ಲಿ ನಾನೇ ಇಟ್ಟಿದ್ದೆ. ಇವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದುಕೊಂಡೆ.

ಅದೀಗ ಕಪಾಟಿನಲ್ಲಿ, ನಿನ್ನ ಚಟ್ನಿಪುಡಿಯ ಖಾಲಿ ಡಬ್ಬಿಯಲ್ಲಿದೆ. ಕರಡಿಗೆಯ ಸಂದಿಯಲ್ಲಿ ರಕ್ತ ಕಪ್ಪಾಗಿ ಕೂತಿದೆ, ತೊಳೆದಿಲ್ಲ. ಬಂದರಿನಲ್ಲಿ ಮರದ ದಿಮ್ಮಿ ಇಳಿಸುವ ಸದ್ದಿಗೆ ಈಗಲೂ ಕೈ ಎದೆಗೆ ಹೋಗುತ್ತದೆ, ಅಲ್ಲಿ ಏನೂ ಸಿಗುವುದಿಲ್ಲ. ದೇವರ ಮೇಲೆ ಸಿಟ್ಟಿಲ್ಲ, ಅವ್ವಾ. ನೀನು ಬಾ, ಬೈಯುವುದನ್ನೆಲ್ಲ ಎದುರಿಗೇ ಬೈ. ಕಾಲು ಚಾಚಲು ಅನುಕೂಲವಾಗುವ ಸೀಟು ಹೇಳಿದ್ದೇನೆ. ಉಪ್ಪಿನಕಾಯಿ ಮಾತ್ರ ಕಟ್ಟಿಕೊಂಡು ಬರಬೇಡ, ವಿಮಾನ ನಿಲ್ದಾಣದಲ್ಲಿ ಒಂದೊಂದು ಭರಣಿ ಬಿಚ್ಚಿಸುತ್ತಾರೆ.

ರುದ್ರಾಣಿಗೂ ಅವಳ ಮನೆಯವರಿಗೂ ನನ್ನ ನೆನಪು ಹೇಳು. ನಿನ್ನ ಪಾದಕ್ಕೆ ಹಣೆ ಹಚ್ಚುವ,

ನಿನ್ನ ಮಗ
ರುದ್ರೇಶ

ತಾ.ಕ.: ಒಂದು ಮಾತು ಮೇಲೆ ಬರೆಯಲು ಕೈ ಓಡಲಿಲ್ಲ. ಅವತ್ತು ಬೆಳಿಗ್ಗೆ ಚಹಾ ಕುಡಿಯುವಾಗಲೇ ಯೂನುಸ್, ಠಾಣೆಗೆ ಹೊಸಬರು ಬಂದಿದ್ದಾರೆ, ಆ ಕರಡಿಗೆ ಬಿಚ್ಚಿ ಚೀಲದಲ್ಲಿಡು ಎಂದಿದ್ದ. ಹೂಂ ಎಂದೆ, ಇಡಲಿಲ್ಲ. ಇಲ್ಲಿಂದ ಹೊರಡುವ ದಿನ ನೀನು ಫೋನಿನಲ್ಲಿ, "ಮೈಮ್ಯಾಲಿಂದ ಇಳಸೂದಿಲ್ಲ ಅಂತ ನನ್ನ ಮ್ಯಾಲ ಆಣಿ ಮಾಡು" ಅಂದಿದ್ದೆ. ನಾನು ಮಾಡಿದ್ದೆ. ತಪ್ಪು ನನ್ನದು, ನಿನ್ನದಲ್ಲ. ವಚನಾಳಿಗೆ ಲಿಂಗ ತಾ, ನಾನೇ ಕಟ್ಟುತ್ತೇನೆ. ಆದರೆ ಅವಳಿಗೆ ಆಣೆ ಹಾಕಬೇಡ. ಬೇಕಾದಾಗ ಬಿಚ್ಚಿಡು ಮಗಳೇ ಎಂದು ನೀನೇ, ನಿನ್ನ ಬಾಯಿಂದಲೇ, ಅವಳಿಗೆ ಹೇಳಬೇಕು.