ಅರುವತ್ತು ರೂಪಾಯಿಯ ಟೀಚರ್

ಕುಲಶೇಖರ, ಮಂಗಳೂರು
೨೨ ಮೇ ೧೯೬೧

ಪ್ರೀತಿಯ ವಾರಿಜಾ,

ನಿನ್ನ ಕಾಗದ ಬಂದು ತಿಂಗಳಾಯಿತು, ಬೈಯಬೇಡ. ಬರೆಯಲು ಕೂತಾಗಲೆಲ್ಲ ಕ್ರಿಸ್ಟಿನ್ ಏಳುತ್ತಾಳೆ. ಅವಳಿಗೆ ಹಲ್ಲು ಬರುತ್ತಿದೆ, ನನಗೆ ನಿದ್ದೆ ಬರುತ್ತಿಲ್ಲ. ಮೊನ್ನೆ ಮೀನಿನ ಸಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕಿದೆ. ಅತ್ತೆ ಮಾತಿಲ್ಲದೆ ಉಂಡರು, ಬೈದಿದ್ದರೇ ಚೆನ್ನಾಗಿತ್ತು.

ಕೊನೆಗೂ ಕೆಲಸ ಸಿಕ್ಕಿತು. ಕೊಡಿಯಾಲ್‌ಬೈಲಿನ ಒಂದು ಶಾಲೆಯಲ್ಲಿ, ನಿವೃತ್ತರಾಗುವ ಡಾಲಿ ಟೀಚರರ ಜಾಗ. ಸಂಬಳ ಅರುವತ್ತು. ನ್ಯಾಯವೋ ಅಲ್ಲವೋ ನೀನೇ ಹೇಳು. ಮಗುವನ್ನು ನೋಡಿಕೊಳ್ಳುವ ಪಕ್ಕದ ಮನೆಯ ಲೂರ್ಡ್ಸ್ ಬಾಯಿಗೆ ಇಪ್ಪತ್ತು ಕೊಡಬೇಕು. ಬಸ್ಸು, ಹಾಲಿನ ಪುಡಿಯ ಡಬ್ಬಿ. ಟೀಚರ್ ಅಂದ ಮೇಲೆ ಇಸ್ತ್ರಿ ಹಾಕಿದ ಸೀರೆ ಬೇಡವೇ? ಉಳಿದದ್ದರಲ್ಲಿ ತಲೆನೋವಿನ ಮಾತ್ರೆ ಕೊಳ್ಳಬಹುದು. ಅದೇ ಶಾಲೆಯಲ್ಲಿ, ನನ್ನ ಹಾಗೆ ಬರೀ ಬಿ.ಎ. ಆದ ಸರ್ವೋತ್ತಮ ಮಾಸ್ತರಿಗೆ ತೊಂಬತ್ತು!

"ಅವನಿಗೆ ಸಂಸಾರ ಉಂಟಲ್ಲ," ಎಂದರು ಅತ್ತೆ.

"ನನಗೆ ಎಂತ ಉಂಟು ಮಾಂಯ್, ಸರ್ಕಸ್ಸಾ?" ಎಂದುಬಿಟ್ಟೆ.

ಸಂದರ್ಶನದ ಚಂದ ಕೇಳು. ನನ್ನ ಸರ್ಟಿಫಿಕೇಟು ನೋಡಿದರು, ಒಂದು ಪಾಠ ಓದಿಸಿದರು. ಸಂಬಳದ ಮಾತು ಬಂದ ಕೂಡಲೇ ಮ್ಯಾನೇಜರರು, "ನೀವು ಕ್ಲಾಸುಗಳನ್ನು ನೋಡಿ ಬನ್ನಿ. ನಾವು ಇವರ ಹತ್ರ ಮಾತಾಡ್ತೇವೆ," ಎಂದು ಗಂಡನೆಂದು ಜೊತೆಗೆ ಬಂದಿದ್ದ ಅಲ್ಫೋನ್ಸರ ಕಡೆ ತಿರುಗಿದರು. ಹೆಣ್ಣು ನೋಡಲು ಬಂದವರು ಕಾಫಿ ಕುಡಿದ ಮೇಲೆ ಹುಡುಗಿಯನ್ನು ಒಳಗೆ ಕಳಿಸುತ್ತಾರಲ್ಲ, ಹಾಗೆ. ನಾನು ಖಾಲಿ ಬೆಂಚುಗಳನ್ನು ನೋಡುತ್ತ ನಿಂತೆ.

ನಾಲ್ಕು ಬಂಗುಡೆಗೆ ಮೀನಿನವಳ ಹತ್ತಿರ ಅರ್ಧ ಗಂಟೆ ಚೌಕಾಸಿ ಮಾಡುವ ಮನುಷ್ಯ ಹೊರಗೆ ಬಂದು, "ಅರುವತ್ತು. ದೊಡ್ಡವರ ಹತ್ರ ಜಗಳ ಮಾಡ್ಲಿಕ್ಕೆ ಆಗ್ತದಾ?" ಎಂದರು. ಸಾಕಾಗುವುದಿಲ್ಲ ಎಂದೆ. "ನನ್ನ ಎಂಬತ್ತೈದು ಉಂಟಲ್ಲ, ಬೆನ್ನಿ." ಹಂಚಿನ ಕಾರ್ಖಾನೆಯ ಆ ಎಂಬತ್ತೈದು ಇಪ್ಪತ್ತನೇ ತಾರೀಕಿಗೇ ಮುಗಿಯುವುದು ಅವರಿಗೆ ಗೊತ್ತಿಲ್ಲ. ಅಂಗಡಿಯವರ ಎದುರು ಹಲ್ಲು ಕಿರಿಯುವವಳು ನಾನಲ್ಲವೇ?

ಶನಿವಾರದೊಳಗೆ ಒಪ್ಪಿಗೆ ತಿಳಿಸಬೇಕು. ಉಡುಪಿಯ ಶಾಲೆಯಲ್ಲಿ ನಿನಗೆ ಎಷ್ಟು ಕೊಡುತ್ತಾರೆ, ನಾಚದೆ ಬರೆ. ನಿನ್ನ ಅತ್ತೆಗೆ ನಮಸ್ಕಾರ. ನಿನ್ನ ಮಗನಿಗೆ ದೇವರು ಆರೋಗ್ಯ ಕೊಡಲಿ, ಹಲ್ಲುಗಳನ್ನೆಲ್ಲ ಹಗಲಿನಲ್ಲೇ ಕೊಡಲಿ.

ನಿನ್ನ
ಬೆನಿಟಾ

ತಾ.ಕ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಿನ್ನೆ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಡಾಲಿ ಟೀಚರ್ ಸಿಕ್ಕಿದರು. ಸಂದರ್ಶನದ ದಿನ, ನಾನು ಹೊರಗೆ ಹೋದ ಮೇಲೆ ಅವರು ಮ್ಯಾನೇಜರರ ಕೋಣೆಗೆ ಬಂದಿದ್ದರಂತೆ. "ತೊಂಬತ್ತು ಕೊಡುವ ಅಂತ ಮ್ಯಾನೇಜರರೇ ಹೇಳಿದ್ರು. 'ಅಷ್ಟೆಲ್ಲ ಬೇಡ, ಅವಳಿಗೆ ಅರುವತ್ತು ಸಾಕು' ಅಂದದ್ದು ನಿನ್ನ ಗಂಡ! ಇಂಥವರನ್ನು ನಾನು ನೋಡ್ಲೇ ಇಲ್ಲ ಮಾರಾಯ್ತಿ," ಎಂದು ನಕ್ಕರು. ನಾನೂ ನಕ್ಕೆ.

ನಾಳೆ ಮಗುವನ್ನು ಲೂರ್ಡ್ಸ್ ಬಾಯಿಯ ಹತ್ತಿರ ಬಿಟ್ಟು ಶಾಲೆಗೆ ಒಬ್ಬಳೇ ಹೋಗುತ್ತೇನೆ. ಸಂಬಳದ ಮಾತು ಮುಗಿಯುವ ತನಕ ಕುರ್ಚಿಯಿಂದ ಏಳುವುದಿಲ್ಲ. ಇವರಿಗೆ ಇನ್ನೂ ಹೇಳಿಲ್ಲ. ತೊಂಬತ್ತು ಸಿಕ್ಕಿದರೆ, ಅವರಿಗಿಂತ ಹೆಚ್ಚಿನ ಆ ಐದು ರೂಪಾಯಿಯನ್ನು ಈ ಮನೆಯಲ್ಲಿ ಎಲ್ಲಿಡಲಿ, ವಾರಿಜಾ?