ಗುಡ್ಡಕ್ಕೆ ಹೋದ ಬಂದೂಕು

ಕೊಟ್ಟೂರು ರಸ್ತೆಯ ಲೇತ್ ಅಂಗಡಿಯಿಂದ
೮-೯-೧೯೯೯

ಸಬ್ ಇನ್ಸ್‌ಪೆಕ್ಟರ್ ಸಾಹೇಬರಿಗೆ ಸಿರಾಜುದ್ದೀನನ ಸಲಾಮ್.

ಚುನಾವಣೆ ಮುಗಿಯುವ ತನಕ ಎಂದು ಕೊಟ್ರಗೌಡರು ನಿಮ್ಮ ಠಾಣೆಯಲ್ಲಿ ಇಟ್ಟಿರುವ ಬಂದೂಕನ್ನು ಯಾರೂ ಹಾರಿಸಬಾರದು. ಅದರ ನಳಿಗೆ ಬಿರುಕು ಬಿಟ್ಟಿದೆ. ನಿಮಗದು ಕಾಣಲಿಲ್ಲ, ಏಕೆಂದರೆ ಬಿರುಕಿಗೆ ಬೆಸುಗೆ ತುಂಬಿ ಕಪ್ಪು ಬಳಿದವನು ನಾನೇ.

ಗೌಡರಿಗೆ ಯಾವ ಕಂಪನಿಯೂ ಮಾಡದಷ್ಟು ವೇಗದ ತೋಟಾ ಬೇಕಿತ್ತು. ದೊಡ್ಡ ತೋಟಾದ ಬಾಯಿ ಕಿರಿದು ಮಾಡಿ, ಸಣ್ಣ ಗುಂಡು ಕೂರಿಸಿ ಐದು ಮಾಡಿಕೊಟ್ಟೆ. ಮೂರನೆಯದಕ್ಕೇ ನಳಿಗೆ ಸೀಳಿತು. ಉಳಿದ ಎರಡು ಬಂದೂಕಿನ ಜೊತೆ ಠಾಣೆಗೆ ಬಂದಿವೆ.

ಇವತ್ತು ಮುಂಜಾನೆ ನಿಮ್ಮ ಪೇದೆ ಮೌನೇಶಪ್ಪ ಅದೇ ಬಂದೂಕನ್ನು ಹೆಗಲಿಗೇರಿಸಿ ಅಂಗಡಿ ಮುಂದೆ ಹಾದುಹೋದರು. "ಸಾಬ್ರ, ಗುಡ್ಡದಾಗ ಕರಡಿ ಬಂದೈತಿ, ಹೊಡ್ದು ಬರ್ತೀನಿ. ಚಾ ಇಟ್ಟಿರ್ರಿ" ಅಂದರು. ಬಾಯಿ ಬಿಟ್ಟರೆ ಜೈಲು ಎಂದು ಹೆದರಿ ನಾನು "ಹೋಗಿ ಬರ್ರಿ" ಅಂದೆ.

ಜೀಪು ಕಳಿಸಿ ಅವರನ್ನು ವಾಪಸ್ ಕರೆಸಿರಿ. ಈ ಕಾಗದ ತರುವವಳು ನನ್ನ ಹೆಂಡತಿ ಜೈತುನ್ ಬೀ. ಅವಳಿಗೆ ಏನೂ ಗೊತ್ತಿಲ್ಲ, ಠಾಣೆಯಲ್ಲಿ ಕೂಡಿಸಿಕೊಳ್ಳಬೇಡಿರಿ. ಅಂಗಡಿಯ ಬೀಗದಕೈ ಅವಳ ಬಳಿ ಇದೆ, ಪಂಚನಾಮೆಗೆ ಬೇಕಾಗುತ್ತದೆ.

ಇಷ್ಟು ಬರೆಯುವಷ್ಟರಲ್ಲಿ ಗುಡ್ಡದ ಕಡೆಯಿಂದ ಸದ್ದು ಬಂತು. ಬೇರೆ ಬಂದೂಕುಗಳು ಢಂ ಅನ್ನುತ್ತವೆ. ನನ್ನ ತೋಟಾ ಹೊಸ ಬಟ್ಟೆ ಹರಿದ ಹಾಗೆ ಚರ್ರನೆ ಸಿಡಿಯುತ್ತದೆ. ಬಂದದ್ದು ಅದೇ ಸದ್ದು. ನಾನು ಸೈಕಲ್ ಹತ್ತಿ ಗುಡ್ಡಕ್ಕೆ ಹೊರಟಿದ್ದೇನೆ. ನಳಿಗೆ ತಾಳಿದ್ದರೆ, ಮೌನೇಶಪ್ಪನ ಹತ್ತಿರ ಇನ್ನೂ ಒಂದು ತೋಟಾ ಉಳಿದಿದೆ.

ತಪ್ಪಿತಸ್ಥ,
ಸಿರಾಜುದ್ದೀನ