ಮನೆಗೆ ಮಾರಿ

ಮಾರ್ಚ್ 2
ಇವತ್ತೂ ಕನ್ನಡಿ ಮುಂದೆ ನಲವತ್ತು ನಿಮಿಷ ಕಾಮಿಡಿ ಶೋ ಪ್ರಾಕ್ಟೀಸ್. “ನಮ್ಮಪ್ಪ ಹೆಡ್‌ಮೇಷ್ಟ್ರು. ಶಾಲೆಗೆ ಬೆತ್ತ ಒಯ್ದವರೇ ಅಲ್ಲ. ಮನೇಲಿ ಬೇಕಾಗ್ತಿತ್ತಲ್ಲ!” ಇಲ್ಲಿ ನಗ್ತಾರೆ. ತಕ್ಷಣ ಅಮ್ಮನ ಕೈ ಮುರಿದದ್ದು ಹೇಳ್ತೀನಿ. ನಕ್ಕ ಬಾಯಿ ಹಾಗೇ ನಿಲ್ಲಬೇಕು. ಆ ಮೌನವೂ ಆಲ್ಬಮ್‌ನಲ್ಲಿ ಬರಬೇಕು. ಬೇಕಂತಲೇ.
ಆಲ್ಬಮ್ ಹೆಸರು ‘ಮನೆಗೆ ಮಾರಿ’. ರೆಕಾರ್ಡಿಂಗ್ ಹದಿನಾರಕ್ಕೆ, ಅಪ್ಪನ ಊರಲ್ಲೇ, ಜನರ ಮುಂದೆ. ಅಮ್ಮನಿಗೆ ಹೇಳಿಲ್ಲ.

ಮಾರ್ಚ್ 5
ಟ್ರಯಲ್ ಶೋ ಕ್ಲಿಪ್ಪು ಯಾರೋ ಆನ್‌ಲೈನಲ್ಲಿ ಹಾಕಿಬಿಟ್ಟಿದ್ದಾರೆ. ಬೆಳಿಗ್ಗೆಯಿಂದ ಅಪ್ಪನ ಊರಿಂದ ಫೋನು. ಬೈಗುಳಕ್ಕೆ ಹೆದರಲ್ಲ, ಅಭ್ಯಾಸ ಇದೆ. ಇವರು ಬೈಯೋದೇ ಇಲ್ಲ…
“ಮೇಷ್ಟ್ರಿಂದ ಮನುಷ್ಯರಾದವರು ನಾವು. ಅವರು ಹೋಗಿ ಇನ್ನೂ ವರ್ಷ ಆಗಿಲ್ಲ ತಾಯಿ. ದಯವಿಟ್ಟು ಬರಬೇಡಿ.”
“ನೀವ್ಯಾರು?”
“ತುಂಬಾ ಜನ ಇದ್ದೀವಿ.”
ಎಷ್ಟು ಮರ್ಯಾದೆಯ ದನಿ!

ಮಾರ್ಚ್ 9
ಅಪ್ಪನ ಊರ ಪೊಲೀಸ್ ಸ್ಟೇಷನ್‌ಗೇ ಹೋಗಿ ಕಂಪ್ಲೇಂಟ್ ಕೊಡೋಣ ಅಂತ ಹೋದೆ. ಇನ್‌ಸ್ಪೆಕ್ಟರ್ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. “ನಾನೂ ಮೇಷ್ಟ್ರ ಸ್ಟೂಡೆಂಟೇ ಅಕ್ಕಾ.” ಒಂದಕ್ಷರ ಬರೆದುಕೊಳ್ಳಲಿಲ್ಲ.
ಅಮ್ಮನ ಮನೆ ಎರಡೇ ಬೀದಿ ಆಚೆ. ಹೋಗೋ ಧೈರ್ಯ ಬರಲಿಲ್ಲ.

ಮಾರ್ಚ್ 10
ಅಮ್ಮ ಕ್ಲಿಪ್ಪು ನೋಡಿದಾಳೆ. ಫೋನಲ್ಲಿ ಒಂದೇ ಮಾತು: “ನಗಿಸೋಕೆ ನನ್ನ ಕೈಯೇ ಸಿಕ್ತೇನೇ ನಿಂಗೆ?” ಇಟ್ಟುಬಿಟ್ಟಳು.
ವೇದಿಕೆ ಮೇಲೆ ಯಾರ ಬಾಯಿ ಬೇಕಾದ್ರೂ ಮುಚ್ಚಿಸೋಳು ನಾನು. ಅಮ್ಮನಿಗೆ ಮತ್ತೆ ಫೋನ್ ಹಚ್ಚಿ, ರಿಂಗ್ ಆಗೋ ಮೊದಲೇ ಕಟ್ ಮಾಡಿದೆ.

ಮಾರ್ಚ್ 16, ಸಂಜೆ 5
ಹಾಲ್ ಒಳಗಿದ್ದೀನಿ. ಸೌಂಡ್ ಅಣ್ಣ ಮೈಕ್ ಕಟ್ಟುತ್ತಾ ಅಂದ್ರು, “ಮುಂದಿನ ಮೂರು ಸಾಲು ಒಬ್ಬರೇ ಬುಕ್ ಮಾಡಿದಾರೆ ಕಣಮ್ಮ.” ಬೇಕಾದ್ರೆ ತಪ್ಪಿಸ್ಕೊಳ್ಳೋಕೆ ಅಂತ ವೇದಿಕೆ ಪಕ್ಕದ ಬಾಗಿಲು ನೋಡಿಬಂದೆ. ಬೀಗ ಹಾಕಿದೆ. ಕೀಲಿ ಯಾರ ಹತ್ರ ಇದೆಯೋ, ಯಾರಿಗೂ ಗೊತ್ತಿಲ್ಲ.

ಮಾರ್ಚ್ 17, ಬೆಳಿಗ್ಗೆ
ಮರೆಯೋಕೆ ಮುಂಚೆ ಬರೀಬೇಕು.
ಮೂರು ಸಾಲೂ ಬಿಳಿ ಶರ್ಟು. ಕ್ಲಾಸಲ್ಲಿ ಕೂತ ಹಾಗೆ ಕೈಕಟ್ಟಿ ಕೂತಿದ್ರು. ನಗು ಇಲ್ಲ. ಹಿಂದಿನವರು ನಕ್ಕು, ಇವರನ್ನ ನೋಡಿ ಬಾಯಿ ಮುಚ್ಚಿಕೊಂಡ್ರು. ಆದ್ರೂ ಕೈ ಮುರಿದ ಮಾತಿಗೆ ಬಂದೆ. ಮೂರೂ ಸಾಲು ಒಟ್ಟಿಗೇ ಎದ್ದು ನಿಂತವು.
“ಸುಳ್ಳು!” ಅಂದ ಒಬ್ಬ. “ಮೇಷ್ಟ್ರು ನಮಗೆ ಒಂದೇಟು ಹೊಡೆದವರಲ್ಲ.”
ಕೊನೇ ಸಾಲಿಂದ ದನಿ. ಅಮ್ಮ! ಬಂದಿದ್ದೇ ಗೊತ್ತಿರಲಿಲ್ಲ.
“ನಿಮಗೆ ಹೊಡೀಲಿಲ್ಲಪ್ಪ. ನನಗೆ ಹೊಡೆದ್ರು. ಕೂತ್ಕೊಳ್ಳಿ, ಅವಳು ಮುಗಿಸಲಿ.”
ಇಬ್ಬರೋ ಮೂವರೋ ಕೂತರು. ಉಳಿದವರು ಕೂರಲಿಲ್ಲ, ಹೊರಗೂ ಹೋಗಲಿಲ್ಲ. ನಿಂತವರ ಮುಂದೆಯೇ ಹದಿನೆಂಟು ನಿಮಿಷ ಮಾತಾಡಿದೆ. ಏನು ಹೇಳಿದೆನೋ… ಎಲ್ಲಾ ರೆಕಾರ್ಡ್ ಆಗಿದೆಯಂತೆ.
ಅಮ್ಮನ ಮನೆಗೇ ಬಂದು ಮಲಗಿದೆ. ಎದ್ದ ಕೂಡಲೇ ಅವಳು: “ಎಡಗೈ ಅಂದ್ಯಲ್ಲೇ, ಮುರಿದದ್ದು ಬಲಗೈ. ಸರಿ ಮಾಡಿಸು.”
ಇಬ್ಬರೂ ನಕ್ಕೆವು. ಆಮೇಲೆ ನನಗೆ ಅಳು ನಿಲ್ಲಲಿಲ್ಲ.

11.20
ಬೈಕುಗಳು ನಿಂತ ಸದ್ದು. ಕಿಟಕಿಯಿಂದ ನೋಡಿದೆ. ಏಳೆಂಟು ಜನ, ನಿನ್ನೆಯ ಅದೇ ಬಿಳಿ ಶರ್ಟಿನವರು. ಕೈಯಲ್ಲಿ ಏನಿದೆಯೋ ಕಾಣ್ತಿಲ್ಲ. ಗೇಟು ಅವರೇ ತೆಗೆದ್ರು.
“ಬಾಗಿಲು ತೆಗೀಬೇಡಮ್ಮಾ.”
“ಎಷ್ಟು ದಿನ ಅಂತ ಹಾಕ್ಕೊಂಡಿರ್ತೀಯೇ?”
ಕೈ ಒರೆಸ್ಕೊಂಡು ಹೊರಟೇಬಿಟ್ಟಳು. ಈ ಸಲ ಒಬ್ಬಳನ್ನೇ ಬಿಡಲ್ಲ, ನಾನೂ ಹೊರಟೆ —